ಅವ್ವನನ್ನು ಹೆಸರು ಹಿಡಿದು ಕರೆದ ದನಿ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇಂಥ ಸಂಗತಿಗಳನ್ನು ನಂಬುವವರ ಪೈಕಿ ನಾನಲ್ಲ. ಹುಟ್ಟಿದ್ದು ಕ್ರೈಸ್ತರ ಮನೆಯಲ್ಲಿ, ಬೆಳೆದದ್ದು ಸಂಡೇ ಸ್ಕೂಲಿನ ಚಾಪೆಯ ಮೇಲೆ, ಇವತ್ತಿಗೂ ರವಿವಾರ ತಪ್ಪದೆ ಚರ್ಚಿಗೆ ಹೋಗುತ್ತೇನೆ. ಆದರೆ ಸಾಕ್ಷಿ ಹೇಳುವ ಹೊತ್ತಿನಲ್ಲಿ ಯಾರಾದರೂ ಎದ್ದು ನಿಂತು ‘ಕರ್ತನು ನನ್ನ ಕೂಡ ಮಾತಾಡಿದನು’ ಎಂದು ಕಣ್ಣೀರು ಒರೆಸಿಕೊಂಡರೆ ನನ್ನ ಕಣ್ಣು ಗೋಡೆಯ ಗಡಿಯಾರದ ಕಡೆ ತಿರುಗುತ್ತಿತ್ತು. ಹೊಲ ಅಳೆಯುವುದು, ಅಂದರೆ ಮೋಜಣಿ, ನನ್ನ ನೌಕರಿ. ಜಮಖಂಡಿ, ಮುಧೋಳ, ಬೀಳಗಿ ಎಂದು ಮೂರೂ ತಾಲ್ಲೂಕಿನ ಹೊಲಗಳ ಬದುವಿನ ಮೇಲೆ ಅರ್ಧ ಆಯುಷ್ಯ ಕಳೆದಿದ್ದೇನೆ. ಅಳತೆಗೆ ಸಿಗದ್ದನ್ನು ನಕ್ಷೆಯಲ್ಲಿ ಹಾಕುವ ಹಾಗಿಲ್ಲ, ಹಾಕಿದರೆ ಮರುದಿನ ಅಣ್ಣತಮ್ಮಂದಿರು ಬಡಿಗೆ ಹಿಡಿದು ನಿಲ್ಲುತ್ತಾರೆ. ದೇವರ ವಿಷಯದಲ್ಲೂ ನನ್ನ ಬುದ್ಧಿ ಹಾಗೇ ಓಡುತ್ತಿತ್ತು. ದೇವರು ಮನುಷ್ಯನೊಳಗೆ ನೆಲೆಸುತ್ತಾನೆ, ಇಬ್ಬರೂ ಒಂದಾಗುತ್ತಾರೆ ಎಂದು ಪಾಸ್ಟರು ಪ್ರಸಂಗ ಮಾಡಿದರೆ ಒಳ್ಳೆಯ ಮಾತು ಅನ್ನಿಸುತ್ತಿತ್ತೇ ಹೊರತು ನಡೆಯುವ ಸಂಗತಿ ಅನ್ನಿಸುತ್ತಿರಲಿಲ್ಲ.

ಅವ್ವ ನನಗೆ ತದ್ವಿರುದ್ಧ. ಅವಳ ಹೆಸರು ಮಾರ್ಥವ್ವ. ಅವಳ ಬಾಯಲ್ಲಿ ಒಂದು ಮಾತು ಸದಾ ಇರುತ್ತದೆ: ‘ಆತ ನನ್ನೊಳಗ ಅದಾನ, ನಾ ಆತನೊಳಗ ಅದೇನಿ.’ ಕಸ ಗುಡಿಸುವಾಗ, ಕಾಳು ಹಸನು ಮಾಡುವಾಗ, ಅಪ್ಪ ತೀರಿಕೊಂಡ ದಿನ ಬಾಗಿಲಲ್ಲಿ ಕೂತಾಗ ಕೂಡ ಅದನ್ನೇ ಅಂದಳು. ಹುಡುಗನಾಗಿದ್ದಾಗ ನಾನು ತಕರಾರು ತೆಗೆದಿದ್ದೆ. ‘ಇಬ್ಬರೂ ಒಬ್ಬರೊಳಗ ಒಬ್ಬರು ಹೆಂಗ ಇರತಾರ ಬೇ? ಡಬ್ಬಿ ಒಳಗ ಡಬ್ಬಿ ಇಟ್ಟರ ಹೊರಗಿಂದು ಒಳಗ ಇರೂದಿಲ್ಲಲ್ಲ.’ ಅವಳು ಹಿಟ್ಟು ನಾದುತ್ತಿದ್ದಳು. ‘ನಾದಿದ ಮ್ಯಾಲ ಹಿಟ್ಟಿನ್ಯಾಗ ನೀರ ಐತೋ, ನೀರಿನ್ಯಾಗ ಹಿಟ್ಟ ಐತೋ, ನೀನ ಹೇಳ ನೋಡೂನು’ ಅಂದಳು. ನನಗೆ ಒಪ್ಪಿಗೆಯಾಗಲಿಲ್ಲ. ಅವಳೊಳಗೆ ದಿನವೂ ಏನೋ ನಡೆಯುತ್ತದೆ, ನನಗೆ ಆ ಭಾಗ್ಯವಿಲ್ಲ ಅಷ್ಟೇ, ಎಂದುಕೊಂಡು ಸುಮ್ಮನಾದೆ.

ನಮ್ಮ ಮೂಲ ಊರು ಬೀಳಗಿ ತಾಲ್ಲೂಕಿನದು, ಕೃಷ್ಣೆಯ ದಂಡೆಯ ಮೇಲಿತ್ತು. ಈಗ ಹಿನ್ನೀರಿನೊಳಗಿದೆ. ಮುಳುಗಡೆಯಾದಾಗ ನಾನು ಹೈಸ್ಕೂಲು ಮುಗಿಸಿದ್ದೆ. ಜನ ಬಾಗಿಲು, ತೊಲೆ, ಕಟ್ಟೆಯ ಕಲ್ಲು ಎಲ್ಲವನ್ನೂ ಕಿತ್ತು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಪುನರ್ವಸತಿ ಕೇಂದ್ರಕ್ಕೆ ಹೋದರು. ನಮ್ಮ ಸಣ್ಣ ಚರ್ಚಿನ ಹೆಂಚು, ಗಂಟೆ, ಬೆಂಚುಗಳೂ ಹೋದವು. ಅದರ ನೆಲಗಟ್ಟು ಮಾತ್ರ ಎತ್ತರದ ಕರಿಗಲ್ಲಿನದು, ಕೀಳಲಾಗಲಿಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಆ ಕಟ್ಟೆ ಹೊರಗೆ ಕಾಣುತ್ತದೆ. ಮಳೆ ಹಿಡಿದು ಮತ್ತೆ ನೀರು ಏರುವುದರೊಳಗೆ ಒಂದು ರವಿವಾರ ನಮ್ಮವರೆಲ್ಲ ಅಲ್ಲಿಗೆ ಹೋಗಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಂಡು ಕರ್ತನ ಭೋಜನ ತೆಗೆದುಕೊಳ್ಳುವುದು ರೂಢಿ. ದಿನ ಗೊತ್ತು ಮಾಡುವವರು ನಾವಲ್ಲ. ಮೀನು ಹಿಡಿಯುವವರು ಯಾರಾದರೂ ಫೋನು ಮಾಡಿ ‘ಕಟ್ಟಿ ತೆರದೈತ್ರಿ’ ಅಂದರೆ ಅದರ ಮುಂದಿನ ರವಿವಾರ.

ಆ ದಿನಕ್ಕೆ ಪೇಟೆಯ ಬ್ರೆಡ್ಡು ತರುವುದಿಲ್ಲ. ಹಂಚಿನ ತುಂಬ ಬಡಿದ ಒಂದೇ ಒಂದು ಜೋಳದ ರೊಟ್ಟಿ, ಎಲ್ಲರಿಗೂ ಅದರಲ್ಲೇ ಚೂರು. ಅದು ಮುರಿಯದೆ ಕಟ್ಟೆ ಮುಟ್ಟಬೇಕು. ಇನ್ನೊಂದು ಕಟ್ಟುಪಾಡೂ ಇದೆ, ಯಾವ ಹಿರಿಯರು ಮಾಡಿದರೋ ತಿಳಿಯದು. ರೊಟ್ಟಿ ಹೊತ್ತವರು ಹಳೇ ಊರಿನ ನೆಲಕ್ಕೆ ಕಾಲಿಟ್ಟ ಮೇಲೆ ಕಟ್ಟೆ ಏರುವ ತನಕ ಬಾಯಿ ತೆರೆಯಬಾರದು, ಒಳಗೇ ಪ್ರಾರ್ಥನೆ ಮಾಡುತ್ತ ನಡೆಯಬೇಕು. ನಮ್ಮ ಅಜ್ಜಿಯ ನಂತರ ಆ ರೊಟ್ಟಿ ಅವ್ವನ ಪಾಲಿಗೆ ಬಂದಿತ್ತು.

ನಾನು ಹೇಳುತ್ತಿರುವ ವರ್ಷ ಅವ್ವನಿಗೆ ಎಪ್ಪತ್ತು ದಾಟಿತ್ತು. ಆ ಚಳಿಗಾಲದಲ್ಲಿ ಎದೆ ಹಿಡಿದುಕೊಂಡು ದವಾಖಾನೆಯಲ್ಲಿ ಮಲಗಿ ಎದ್ದು ಬಂದಿದ್ದಳು. ಓಡಬಾರದು, ಭಾರ ಎತ್ತಬಾರದು, ಗಾಬರಿಯಂತೂ ಆಗಲೇಬಾರದು ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು. ಹಿನ್ನೀರಿನಿಂದ ಫೋನು ಬಂದಾಗ ನಾನೂ ನನ್ನ ಹೆಂಡತಿಯೂ ಬೇಡವೆಂದೆವು. ರೊಟ್ಟಿಯನ್ನು ಸತ್ಯಪ್ಪನ ಕೈಯಲ್ಲಿ ಕಳಿಸೋಣ ಎಂದೆ. ಸತ್ಯಪ್ಪ ನನ್ನ ಕಾಕಾನ ಮಗ, ಪುನರ್ವಸತಿ ಕೇಂದ್ರದಲ್ಲೇ ಇರುತ್ತಾನೆ. ಅವ್ವ ಜಗಳ ಮಾಡಲಿಲ್ಲ. ಆ ರವಿವಾರ ಎಲ್ಲರಿಗಿಂತ ಮೊದಲು ಎದ್ದು ರೊಟ್ಟಿ ಬಡಿದು, ಬಿಳಿ ಅರಿವೆಯಲ್ಲಿ ಕಟ್ಟಿ, ಸೀರೆ ಉಟ್ಟು ಪಡಸಾಲೆಯಲ್ಲಿ ಕೂತುಬಿಟ್ಟಳು. ‘ನೀ ಕರಕೊಂಡ ಹೋಗಲಿಲ್ಲಂದರ ನಾ ಒಬ್ಬಾಕಿನ ಬಸ್ಸಿಗೆ ಹೋಗತೇನಿ’ ಅಂದಳು. ಹಟಕ್ಕೆ ಬಿದ್ದರೆ ನಮ್ಮವ್ವನ ಮುಂದೆ ಯಾರ ಆಟವೂ ನಡೆಯುವುದಿಲ್ಲ. ಹೊರಟೆವು.

ನೌಕರಿಯಿಂದಾಗಿ ನಮ್ಮ ಮನೆ ಜಮಖಂಡಿಯಲ್ಲಿತ್ತು, ಅಲ್ಲಿಂದ ಹತ್ತಿದ ಬಸ್ಸು ದಾರಿಯಲ್ಲಿ ಪಂಕ್ಚರಾಗಿ ನಿಂತಿತು. ಬೀಳಗಿ ಮುಟ್ಟಿ, ಅಲ್ಲಿಂದ ಟಂಟಂ ಗಾಡಿ ಹಿಡಿದು ಹಿನ್ನೀರಿನ ಅಂಚಿಗೆ ಬರುವಷ್ಟರಲ್ಲಿ ಬಿಸಿಲು ಏರಿತ್ತು. ನಮ್ಮವರೆಲ್ಲ ಮುಂದೆ ಹೋಗಿಬಿಟ್ಟಿದ್ದರು. ದೂರದಲ್ಲಿ ಕಟ್ಟೆಯ ಮೇಲೆ ಬಣ್ಣದ ಸೀರೆಗಳು, ಒಂದೆರಡು ಛತ್ರಿಗಳು ಕಾಣುತ್ತಿದ್ದವು. ಹಾಡು ಗಾಳಿಯಲ್ಲಿ ಬಂದು ಬಂದು ಹೋಗುತ್ತಿತ್ತು. ಕಟ್ಟೆಗೆ ಹೋಗುವ ರೂಢಿಯ ದಾರಿ ಎತ್ತರದ ಏರಿಯ ಮೇಲೆ ಸುತ್ತು ಹಾಕಿ ಹೋಗುತ್ತದೆ. ಅವ್ವನ ಉಸಿರು ಆಗಲೇ ಮೇಲೆ ಕೆಳಗೆ ಆಗುತ್ತಿತ್ತು. ಈ ಬಿಸಿಲಲ್ಲಿ ಅಷ್ಟು ಸುತ್ತಿಸಿದರೆ ಏನಾದರೂ ಆದೀತು ಎಂದು ಹೆದರಿ ನಾನು ನೇರ ದಾರಿ ಹಿಡಿದೆ. ದಾರಿ ಅಂದರೆ ನಮ್ಮ ಹಳೇ ಓಣಿ.

ಮುಳುಗಡೆ ಊರಿನವರಿಗೆ ಮಾತ್ರ ತಿಳಿಯುವ ಒಂದು ಹುಚ್ಚಿದೆ. ನೀರು ಇಳಿದ ನೆಲಕ್ಕೆ ಕಾಲಿಟ್ಟ ಕೂಡಲೇ ಕಣ್ಣಿಗೆ ಕಾಣುವುದನ್ನು ಬಿಟ್ಟು ನೆನಪಿನಲ್ಲಿರುವುದರ ಮೇಲೆ ನಡೆಯುತ್ತೇವೆ. ಇಲ್ಲಿ ಬಡಿಗೇರರ ಮನೆ, ಇಲ್ಲಿ ಹಿಟ್ಟಿನ ಗಿರಣಿ, ಇಲ್ಲಿ ಬಲಕ್ಕೆ ತಿರುಗಿದರೆ ಗೌಡರ ವಾಡೆ. ಸುತ್ತಲೂ ಒಣಗಿದ ರಾಡಿ, ಅಲ್ಲಲ್ಲಿ ಒಂದು ಅಡಿಗಲ್ಲು ಬಿಟ್ಟರೆ ಏನಿಲ್ಲ. ಆದರೂ ಇಲ್ಲದ ಗೋಡೆಯನ್ನು ಬಳಸಿ ಹೋಗುತ್ತೇವೆ, ಇಲ್ಲದ ಹೊಸ್ತಿಲಿಗೆ ಎಡವದ ಹಾಗೆ ಕಾಲೆತ್ತಿ ಇಡುತ್ತೇವೆ. ಗೌಡರ ವಾಡೆಯ ಹಿಂದೆ ತೋಟವಿತ್ತು, ತೋಟದಲ್ಲಿ ಎತ್ತು ಹೂಡಿ ನೀರು ಸೇದುತ್ತಿದ್ದ ಅಗಲವಾದ ಬಾವಿ ಇತ್ತು. ಊರು ಬಿಡುವಾಗ ಅದರ ಕಟ್ಟೆಯ ಕಲ್ಲನ್ನೂ ಕಿತ್ತೊಯ್ದಿದ್ದರು. ಬಾವಿ ನನಗೆ ನೆನಪಿಲ್ಲದೆ ಇರಲಿಲ್ಲ, ಆದರೆ ಅದು ಇನ್ನೂ ಬಹಳ ಮುಂದಿದೆ ಎಂದುಕೊಂಡಿದ್ದೆ. ಗೋಡೆ, ಗಿಡ ಇಲ್ಲದ ಬಯಲಿನಲ್ಲಿ ಅಂತರ ಕಣ್ಣಿಗೆ ಮೋಸ ಮಾಡುತ್ತದೆ ಎಂಬುದು ಮೋಜಣಿಯ ಮೊದಲ ಪಾಠ. ಬೇರೆಯವರ ಹೊಲದಲ್ಲಿ ಎಂದೂ ಮರೆಯದವನು ನನ್ನ ಊರಿನಲ್ಲೇ ಮರೆತೆ.

ಅವ್ವ ಎರಡೂ ಕೈಯಲ್ಲಿ ರೊಟ್ಟಿಯ ಗಂಟು ಹಿಡಿದು ಹಿಂದೆ ಬರುತ್ತಿದ್ದಳು. ವಾಡೆಯ ಅಡಿಗಲ್ಲು ದಾಟಿದ ಮೇಲೆ ನನ್ನ ಅಂಗಿ ಹಿಡಿದು ಜಗ್ಗಿದಳು. ದಣಿದಿರಬೇಕು ಎಂದು ನಿಂತೆ. ಅವಳು ಗದ್ದ ಎತ್ತಿ ಏರಿಯ ಕಡೆ ತೋರಿಸಿದಳು. ಕಟ್ಟುಪಾಡು ಮುರಿದು ಮಾತಾಡಲಾರಳು. ಏರಿಯ ಮೇಲೆ ಒಂದಿಷ್ಟು ಕೂತು ಹೋಗೋಣ ಅನ್ನುತ್ತಿದ್ದಾಳೆ ಎಂದು ನಾನು ತಿಳಿದೆ. ‘ಬಂತ ಬೇ, ಇನ್ನ ನಾಕ ಹೆಜ್ಜಿ’ ಎಂದು ಮುಂದೆ ನಡೆದೆ. ಮತ್ತೆ ಜಗ್ಗಿದಳು, ಈ ಸಲ ಜೋರಾಗಿ. ಅವಳ ಮುಖ ನೋಡಿದ್ದರೆ ಸಾಕಿತ್ತು. ನೋಡದೆ ಅಂಗಿ ಬಿಡಿಸಿಕೊಂಡು ಬಿರಬಿರನೆ ಹೆಜ್ಜೆ ಹಾಕಿದೆ. ನಾಲ್ಕಾರು ಮಾರು ಹಿಂದೆ ಅವಳು ನಿಂತೇಬಿಟ್ಟಳು.

ನೆಲ ನೋಡಲು ಎಲ್ಲ ಕಡೆಯ ಹಾಗೇ ಇತ್ತು, ಬಿಸಿಲಿಗೆ ಹಾಕಿದ ಹಪ್ಪಳದ ಹಾಗೆ ಅಂಚು ಎದ್ದ ಮಣ್ಣು. ಒಂದು ಹೆಜ್ಜೆ ಕೊಂಚ ಮೆತ್ತಗೆ ಅನ್ನಿಸಿತು. ಮುಂದಿನ ಹೆಜ್ಜೆಗೆ ಕಾಲ ಕೆಳಗೆ ಏನೂ ಇರಲಿಲ್ಲ. ಎದೆಯ ತನಕ ಇಳಿದುಬಿಟ್ಟೆ. ಮೇಲೆ ತಲೆ ಸುಡುತ್ತಿದ್ದರೆ ಕೆಳಗೆ ರಾಡಿ ಕೊರೆಯುವಷ್ಟು ತಣ್ಣಗಿತ್ತು. ಕಾಲು ಆಡಿಸಿದೆ, ತಳ ಸಿಗಲಿಲ್ಲ. ಕೈ ಊರಿದ ಕಡೆಯಲ್ಲೆಲ್ಲ ಮಣ್ಣಿನ ಪದರು ಮುರಿದು ಕೈಯೂ ಒಳಗೆ ಹೋಯಿತು. ಒದ್ದಾಡಿದಷ್ಟೂ ಕೆಳಗೆ ಜಾರುತ್ತಿದ್ದೆ. ರಾಡಿ ಎದೆಯನ್ನು ಸುತ್ತಲಿಂದ ಒತ್ತುತ್ತಿತ್ತು, ಬಿಟ್ಟ ಉಸಿರನ್ನು ಮತ್ತೆ ಪೂರ್ತಿ ತೆಗೆದುಕೊಳ್ಳಲು ಆಗುತ್ತಿರಲಿಲ್ಲ. ಇದು ಆ ಬಾವಿಯೇ ಎಂದು ಆಗ ತಿಳಿಯಿತು. ಅದರ ಆಳ ನಮ್ಮ ಊರಿನ ಪ್ರತಿ ಹುಡುಗನಿಗೂ ಗೊತ್ತಿತ್ತು. ನನ್ನ ಧೈರ್ಯ ಪೂರಾ ಉಡುಗಿತು.

ಅವ್ವನ ಕಟ್ಟುಪಾಡು ಅಲ್ಲಿಗೆ ಮುರಿಯಿತು. ‘ಸತ್ಯಪ್ಪಾ, ಓಡಿ ಬರ್ರೆಪಾ, ನನ್ನ ಮಗಾ ಬಾಂವ್ಯಾಗ ಬಿದ್ದಾನ’ ಎಂದು ಕೂಗಿದಳು. ಕಟ್ಟೆಯ ಮೇಲೆ ಹಾಡು ನಿಂತದ್ದು ನನಗೆ ಕೇಳಿಸಿತು. ಆದರೆ ಅವರು ಏರಿಯನ್ನು ಬಳಸಿ ಬರಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಅವ್ವ ಕಾಯಲಿಲ್ಲ. ರೊಟ್ಟಿಯ ಗಂಟನ್ನು ಕೆಳಗಿಟ್ಟಳು. ಸೆರಗು ಬಿಚ್ಚಿ ಅದರ ತುದಿಯನ್ನು ಕೈಗೆ ಸುತ್ತಿಕೊಂಡಳು. ನನ್ನ ಕಡೆ ನಡೆಯತೊಡಗಿದಳು.

ನಿಜ ಹೇಳುತ್ತೇನೆ, ಮೊದಲ ಕ್ಷಣ ಅವಳು ಬರಲಿ ಎಂದೇ ನನ್ನ ಜೀವ ಬಯಸಿತು. ಆಮೇಲೆ ಅವಳ ಕಾಲ ಕಡೆ ನೋಡಿದೆ. ಅವಳು ಆಗಲೇ ಬಾವಿಯ ಅಂಚಿನೊಳಗೆ ಬಂದಿದ್ದಳು. ಹೆಜ್ಜೆ ಇಟ್ಟಲ್ಲಿ ಪದರು ಬಗ್ಗುತ್ತಿತ್ತು, ಬಿರುಕಿನಿಂದ ನೀರು ಜಿನುಗಿ ಅವಳ ಪಾದ ತೋಯಿಸುತ್ತಿತ್ತು. ಮೈಯಲ್ಲಿ ತೂಕವಿಲ್ಲದವಳಾದ್ದರಿಂದ ಇನ್ನೂ ಮೇಲೆ ನಿಂತಿದ್ದಳು. ಬರಬೇಡ ಎಂದು ಕೂಗಲು ಬಾಯಿ ತೆರೆದೆ. ಕೂಗಲು ಎದೆಯಲ್ಲಿ ಗಾಳಿಯೇ ಇರಲಿಲ್ಲ, ಗಂಟಲಿನಲ್ಲಿ ಗೊರಗೊರ ಎಂದಿತು ಅಷ್ಟೇ. ಅದನ್ನು ಕೇಳಿ ಅವಳು ಇನ್ನೂ ಅವಸರ ಮಾಡಿದಳು. ಇನ್ನೊಂದು ಹೆಜ್ಜೆ ಇಟ್ಟರೆ ನನ್ನ ಕಣ್ಣೆದುರೇ ಹೋಗುತ್ತಾಳೆ ಎಂದು ಖಚಿತವಾಯಿತು. ಕೈ ಎತ್ತಿ ತಡೆಯೋಣವೆಂದರೆ ಎರಡೂ ಕೈ ರಾಡಿಯೊಳಗಿದ್ದವು.

ಆ ಹೊತ್ತಿನಲ್ಲಿ ಅದು ಆಯಿತು. ನನಗೆ ಬಂದಷ್ಟು ಹೇಳುತ್ತೇನೆ. ಬೆಳಕು ಕಾಣಲಿಲ್ಲ, ಯಾರ ರೂಪವೂ ಕಾಣಲಿಲ್ಲ. ನಾನು ಪ್ರಾರ್ಥನೆಯನ್ನೂ ಮಾಡಿರಲಿಲ್ಲ, ಅದಕ್ಕೆ ಪುರುಸೊತ್ತೇ ಇರಲಿಲ್ಲ. ಒಬ್ಬನೇ ಇದ್ದೇನೆ ಎಂದುಕೊಂಡ ಮನೆಯಲ್ಲಿ ಪಕ್ಕದ ಕೋಣೆಯಿಂದ ಯಾರದೋ ಉಸಿರು ಕೇಳಿಸಿದರೆ ಹೇಗಾಗುತ್ತದೆ, ಹಾಗೆ ನನ್ನೊಳಗೆ ಇನ್ನೊಬ್ಬರು ಇದ್ದಾರೆ ಎಂದು ತಿಳಿಯಿತು. ಆಗ ಬಂದವರಲ್ಲ, ಮೊದಲಿಂದಲೂ ಇದ್ದವರು. ರಾಡಿಗಿಂತ ಹೆಚ್ಚು ನಾನು ಅದಕ್ಕೇ ಹೆದರಿದೆ ಎಂದರೆ ನೀವು ನಂಬಲಿಕ್ಕಿಲ್ಲ. ಆ ಹೆದರಿಕೆ ಎಲ್ಲೂ ಹೋಗಲಿಲ್ಲ, ಆದರೆ ನನ್ನೊಬ್ಬನದಾಗಿ ಉಳಿಯಲೂ ಇಲ್ಲ. ಇಷ್ಟು ನಾನು, ಇದರಾಚೆ ಆತ ಎಂದು ಮನಸ್ಸು ಗೆರೆ ಎಳೆಯಲು ನೋಡಿತು. ಕೆಲಸದ ಚಾಳಿ, ಬಿಡುವುದಿಲ್ಲ. ಗೆರೆ ಎಲ್ಲಿಯೂ ನಿಲ್ಲಲಿಲ್ಲ.

ಅವ್ವನನ್ನು ನೋಡಿದೆ. ನೋಡಿದ್ದು ನನ್ನ ಕಣ್ಣೇ, ಆದರೆ ಮಗ ತಾಯಿಯನ್ನು ನೋಡುವ ಹಾಗೆ ಅಲ್ಲ. ಆ ಮುದುಕಿಯನ್ನು ಅವಳು ಹುಟ್ಟಿದಾಗಿನಿಂದ, ಅದಕ್ಕೂ ಮುಂಚಿನಿಂದ ಬಲ್ಲೆ ಅನ್ನಿಸಿತು. ಅವಳು ಸಣ್ಣ ಹುಡುಗಿಯಾಗಿ ಓಡಾಡಿದ್ದು, ಯಾರಿಗೂ ಹೇಳದೆ ನುಂಗಿಕೊಂಡದ್ದು, ಎಲ್ಲ. ಒಂದೊಂದಾಗಿ ಕಂಡಿತು ಅನ್ನುತ್ತಿಲ್ಲ. ಗೊತ್ತಿತ್ತು, ಅಷ್ಟೇ. ಅವಳ ಮೇಲೆ ನನಗೆ ಅಷ್ಟು ಪ್ರೀತಿ ಅದಕ್ಕೂ ಮೊದಲು ಎಂದೂ ಉಕ್ಕಿರಲಿಲ್ಲ. ನಾನು ಅವ್ವನನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ, ಆ ಮಾತು ಬೇರೆ. ಅಷ್ಟು ಪ್ರೀತಿಸುವ ಶಕ್ತಿ ಮಾತ್ರ ನನ್ನದಲ್ಲ, ಇವತ್ತಿಗೂ ಇಲ್ಲ.

ನನ್ನ ಬಾಯಿ ತೆರೆಯಿತು. ‘ಮಾರ್ಥಾ’ ಎಂದಿತು.

ನಮ್ಮ ಕಡೆ ಮಗನಾದವನು ತಾಯಿಯ ಹೆಸರನ್ನು ಬಾಯಲ್ಲಿ ತರುವುದಿಲ್ಲ. ಕಚೇರಿಯಲ್ಲಿ ಸಾಹೇಬರು ತಾಯಿಯ ಹೆಸರೇನು ಎಂದು ಕೇಳಿದರೂ ಒಂದು ಗಳಿಗೆ ನಾಲಗೆ ತಡವರಿಸುತ್ತದೆ. ಬರೀ ಹೆಸರು ಹಿಡಿದು ಅವಳನ್ನು ಕರೆಯುವಂಥ ಹಿರಿಯರು ಮಣ್ಣು ಸೇರಿ ಎಷ್ಟೋ ವರ್ಷವಾಗಿತ್ತು. ಅಪ್ಪ ಕೂಡ ‘ಕೇಳಿತೇನ’ ಅನ್ನುತ್ತಿದ್ದನೇ ಹೊರತು ಹೆಸರು ಹಿಡಿದವನಲ್ಲ. ಆ ದನಿ ಕೂಗಿದ್ದಲ್ಲ, ಗದರಿದ್ದೂ ಅಲ್ಲ. ಎದುರು ಕೂತವರನ್ನು ಮಾತಾಡಿಸಿದ ಹಾಗಿತ್ತು.

ಅವ್ವ ಕಾಲು ಎತ್ತಿದವಳು ಎತ್ತಿದ ಹಾಗೇ ನಿಂತಳು.

‘ಹಿಂದ ಸರಿ. ಅಲ್ಲೇ ಕೂಡು’ ಎಂದಿತು ನನ್ನ ಬಾಯಿ.

‘ಆತ್ರಿ’ ಅಂದಳು ಅವ್ವ. ಹೆತ್ತ ಮಗನಿಗೆ ಹಾಗೆ ಅಂದಳು. ಬಂದ ಹೆಜ್ಜೆಗಳ ಮೇಲೇ ಒಂದೊಂದಾಗಿ ಹಿಂದೆ ಸರಿದು ರೊಟ್ಟಿಯ ಗಂಟಿನ ಪಕ್ಕ ಕೂತಳು. ಅವಳು ಕೂರುವಷ್ಟರಲ್ಲಿ, ಆಗಷ್ಟೇ ನಿಂತಿದ್ದ ಜಾಗದ ಪದರು ಕುಸಿದು ಕಪ್ಪು ನೀರು ಮೇಲೆ ಬಂತು. ಅದನ್ನು ಇಬ್ಬರೂ ನೋಡಿದೆವು.

ಆಮೇಲೆ ಎಷ್ಟು ಹೊತ್ತು ಕಳೆಯಿತೋ ತಿಳಿಯದು. ರಾಡಿ ಗದ್ದದ ಹತ್ತಿರ ಬಂದು ನಿಂತಿತ್ತು. ನಾನು ಒದ್ದಾಡಲಿಲ್ಲ. ಸತ್ತರೆ ಸಾಯುತ್ತೇನೆ ಎಂಬ ವೈರಾಗ್ಯವೇನೂ ಅಲ್ಲ, ಬದುಕಬೇಕೆಂಬ ಆಸೆ ಬಹಳವಿತ್ತು. ಆದರೆ ಕಾಯುವುದು ನನಗೆ ಭಾರವಾಗಲಿಲ್ಲ. ಅವ್ವನೂ ಕದಲಲಿಲ್ಲ. ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು. ಮಗನ ಮುಖವನ್ನು ನೋಡುವ ನೋಟ ಅದಾಗಿರಲಿಲ್ಲ, ಪ್ರಾರ್ಥನೆಗೆ ಕೂತವಳ ಹಾಗೆ ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡಿದ್ದಳು.

ಸತ್ಯಪ್ಪ ಎಲ್ಲರಿಗಿಂತ ಮುಂದೆ ಓಡಿ ಬಂದ. ಅವನ ಹಿಂದೆ, ಹಿನ್ನೀರು ಬಿಟ್ಟ ನೆಲದಲ್ಲಿ ಕಲ್ಲಂಗಡಿ ಹಾಕಿದ್ದ ರೈತನೊಬ್ಬ ರಾತ್ರಿ ಕಾವಲಿಗೆ ಮಲಗಲು ಇಟ್ಟುಕೊಂಡಿದ್ದ ಹಗ್ಗದ ಹೊರಸನ್ನು ತಲೆಯ ಮೇಲೆ ಹೊತ್ತು ಬಂದ. ಹೊರಸನ್ನು ಬೋರಲು ಹಾಕಿ ರಾಡಿಯ ಮೇಲೆ ದಬ್ಬಿದರು. ಕಲ್ಲಂಗಡಿಗೆ ನೀರು ಹಾಯಿಸುವ ಪಂಪಿನ ಪೈಪನ್ನು ನನ್ನ ಬಗಲೊಳಗೆ ತೂರಿಸಿ ಜಗ್ಗಿದರು. ನಾನು ಹೊಟ್ಟೆಯ ಮೇಲೆ ಹೊರಸಿನ ಹಗ್ಗಕ್ಕೆ ಬಿದ್ದ ಕ್ಷಣ ಒಳಗೆ ನೋಡಿಕೊಂಡೆ. ಯಾರೂ ಇರಲಿಲ್ಲ. ನಾನೊಬ್ಬನೇ ಇದ್ದೆ. ಎದೆ ಬಿರಿಯುವ ಹಾಗೆ ಅಳು ಬಂತು. ಜೀವ ಉಳಿದ ಸಂತೋಷಕ್ಕೆ ಅಳುತ್ತಾನೆ ಎಂದು ಎಲ್ಲರೂ ಬೆನ್ನು ಸವರಿದರು. ನಾನು ಅಳುತ್ತಿದ್ದದ್ದು ಅದಕ್ಕಲ್ಲ.

ಪೈಪಿನ ನೀರಿನಲ್ಲಿ ನನ್ನನ್ನು ತೊಳೆಯುವಾಗ ಸತ್ಯಪ್ಪ ಮೆಲ್ಲಗೆ ಕೇಳಿದ. ‘ಅಣ್ಣಾ, ನಿನ್ನ ಹಂತ್ಯಾಕ ಇದ್ದವ ಯಾರು? ದೊಡ್ಡವ್ವನ್ನ ಹೆಸರ ಹಿಡದ ಕರದನಲ್ಲ.’ ಏರಿಯ ಮೇಲೆ ಓಡಿ ಬರುವಾಗ ಅವನಿಗೆ ಸ್ಪಷ್ಟವಾಗಿ ಕೇಳಿಸಿತ್ತಂತೆ. ನನ್ನ ದನಿ ಹುಟ್ಟಿನಿಂದಲೇ ಸಣ್ಣದು. ಹೊಲದಲ್ಲಿ ಅಳತೆಯ ಸರಪಳಿಯ ಆ ತುದಿ ಹಿಡಿದವನಿಗೆ ಕೇಳಬೇಕಾದರೆ ಕೈಸನ್ನೆಯನ್ನೇ ಮಾಡುತ್ತೇನೆ, ಕಚೇರಿಯಲ್ಲಿ ಇದಕ್ಕೊಂದು ಅಡ್ಡಹೆಸರೂ ಇದೆ. ಅವ್ವನೇ ಅಡ್ಡ ಬಾಯಿ ಹಾಕಿ ‘ಯಾರೂ ಇರಲಿಲ್ಲೋ, ನಡಿ, ಪಾಸ್ಟರು ಕಾಯಾಕತ್ತಾರ’ ಅಂದಳು.

ಪ್ರಾರ್ಥನೆ ನಡೆಯಿತು. ರೊಟ್ಟಿ ಮುರಿದಿರಲಿಲ್ಲ. ಪಾಸ್ಟರು ಅದನ್ನು ಮುರಿದು ಹಂಚಿದರು, ಒಣದ್ರಾಕ್ಷಿ ನೆನೆಸಿ ಹಿಂಡಿದ ರಸದ ಬಟ್ಟಲು ಕೈಯಿಂದ ಕೈಗೆ ಬಂತು. ಒದ್ದೆ ಅಂಗಿಯಲ್ಲಿ ಕೂತ ನಾನು ಚೂರನ್ನು ನಾಲಗೆಯ ಮೇಲಿಟ್ಟು ಕಣ್ಣು ಮುಚ್ಚಿಕೊಂಡೆ. ಜೀವನದಲ್ಲಿ ಮೊದಲ ಸಲ ಗಡಿಯಾರ ನೋಡದೆ ಕಾದೆ. ಜೋಳದ ರುಚಿ, ಹಲ್ಲಿನ ಸಂದಿಯಲ್ಲಿ ಮರಳು. ಬೇರೇನೂ ಇರಲಿಲ್ಲ.

ಇದಕ್ಕೆಲ್ಲ ಸಮಾಧಾನದ ಮಾತು ಹೇಳುವವರಿದ್ದಾರೆ. ಅವ್ವನನ್ನು ನೋಡುವ ಡಾಕ್ಟರು ಸ್ನೇಹಿತರು, ಅವರಿಗೆ ಎಲ್ಲ ಹೇಳಿದೆ. ಉಸಿರು ಕಟ್ಟಿದಾಗ ಮಿದುಳು ಏನೇನೋ ಆಟ ಆಡುತ್ತದೆ ಅಂದರು. ಸಾವು ಎದುರಿಗೆ ನಿಂತಾಗ ಇಲ್ಲದ ಶಕ್ತಿ ಬರುತ್ತದೆ, ಅದಕ್ಕೇ ದನಿ ಹೊರಟಿದೆ ಅಂದರು. ಮುಕ್ಕಾಲು ಪಾಲು ಒಪ್ಪುತ್ತೇನೆ. ನನ್ನನ್ನು ಉಳಿಸಿದ್ದು ಹೊರಸು ಮತ್ತು ಪೈಪು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅಷ್ಟು ಹೆದರಿದ ಮನುಷ್ಯ ಕೂಗಿದ್ದರೆ ‘ಯವ್ವಾ’ ಎಂದು ಕೂಗುತ್ತಾನೆ. ಬೇರೆ ಯಾರ ಬಾಯಲ್ಲೋ ಇರಬೇಕಾದ ಹೆಸರು ನನ್ನ ಬಾಯಿಗೆ ಯಾಕೆ ಬಂತು ಎಂಬುದಕ್ಕೆ ಡಾಕ್ಟರ ಹತ್ತಿರವೂ ಮಾತಿಲ್ಲ. ಪಾಸ್ಟರನ್ನು ಕೇಳೋಣವೆಂದರೆ ಅವರು ಅದನ್ನು ರವಿವಾರದ ಸಾಕ್ಷಿಯಾಗಿ ಮಾಡಿಸಿಬಿಡುತ್ತಾರೆ ಎಂಬ ಭಯ. ನನ್ನಂಥವನೇ ಇನ್ನೊಬ್ಬ ಹಿಂದಿನ ಬೆಂಚಿನಲ್ಲಿ ಕೂತು ಗಡಿಯಾರ ನೋಡುತ್ತಿರುತ್ತಾನೆ. ಅವತ್ತಿನದನ್ನು ಮತ್ತೆ ಪಡೆಯಲು ನಾನು ಮಾಡದ ಪ್ರಯತ್ನವಿಲ್ಲ. ಬಾಗಿಲು ಹಾಕಿಕೊಂಡು ಮೊಣಕಾಲೂರಿದ್ದೇನೆ. ಉಪವಾಸ ಮಾಡಿ ಹೆಂಡತಿಯ ಕೈಯಲ್ಲಿ ಬೈಸಿಕೊಂಡಿದ್ದೇನೆ. ಮರುವರ್ಷ ಬಾವಿಯ ಸುತ್ತ ಬಿದಿರು ನೆಟ್ಟು ಕೆಂಪು ಬಟ್ಟೆ ಕಟ್ಟಿದ್ದರು, ಅದರ ಆಚೆ ನಿಂತು ಎಷ್ಟೋ ಹೊತ್ತು ಕಾದೆ. ಬೆಳ್ಳಕ್ಕಿಗಳು ಬಂದು ಹೋದವು, ಅಷ್ಟೇ.

ಅವ್ವನಿಗೆ ಮಾತ್ರ ನಾನು ತಿಂಗಳುಗಟ್ಟಲೆ ಏನೂ ಹೇಳಲಿಲ್ಲ. ಅವಳಿಗೆ ಇದು ದಿನದ ಊಟ, ನಾನು ಹೋಗಿ ಹೇಳಿದರೆ ‘ಈಗರ ಗೊತ್ತಾತೇನ’ ಎಂದು ನಗುತ್ತಾಳೆ ಎಂದುಕೊಂಡಿದ್ದೆ. ಒಂದು ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ ಇದ್ದಾಗ, ಅವಳು ತೊಗರಿ ಬೇಳೆ ಆರಿಸುತ್ತ ಕೂತಿದ್ದಾಗ, ಎಲ್ಲ ಹೇಳಿಬಿಟ್ಟೆ. ಪಕ್ಕದ ಕೋಣೆಯ ಉಸಿರು, ಎಲ್ಲೂ ನಿಲ್ಲದ ಗೆರೆ, ಅವಳ ಮೇಲೆ ಉಕ್ಕಿದ ಆ ಪ್ರೀತಿ. ಕೊನೆಗೆ ಕೇಳಿದೆ. ‘ನಿನಗ ದಿನಾ ಹಿಂಗ ಆಕ್ಕೈತಲ್ಲ ಬೇ, ಅದನ್ನ ಹೆಂಗ ತಡಕೊಂತಿ?’

ಅವಳ ಕೈ ಬೇಳೆಯ ಮೇಲೆ ನಿಂತಿತು.

‘ನನಗ ಒಮ್ಮೆನೂ ಹಂಗ ಆಗಿಲ್ಲಪಾ’ ಅಂದಳು.

‘ಮತ್ತ ಯಾವಾಗಲೂ ಅಂತಿದ್ದೆಲ್ಲ, ಆತ ನನ್ನೊಳಗ ಅದಾನ ಅಂತ’ ಎಂದೆ.

‘ಅಂತೇನಿ. ಇರತೇನಿ ಅಂತ ಆತ ಅಂದಾನಲ್ಲ, ಅದಕ್ಕ ನಾನೂ ಅಂತೇನಿ. ಖರೇನ ನಂಬೇನಿ. ಆದರ ನನಗ ಏನೂ ಕಂಡಿಲ್ಲ, ಏನೂ ಕೇಳಿಲ್ಲ.’ ದೂರು ಹೇಳಿದ ಹಾಗಿರಲಿಲ್ಲ. ಮಳೆ ಬಂದಿಲ್ಲ ಅಂದ ಹಾಗೆ ಅಂದಳು. ಆಮೇಲೆ ಮೊರವನ್ನು ಪಕ್ಕಕ್ಕೆ ಸರಿಸಿದಳು. ‘ಅವತ್ತೊಂದ ದಿನ ಕೇಳಿದೆ. ಅದೂ ನಿನ್ನ ಬಾಯಿಲೆ.’

ಹುಟ್ಟಿದಾಗಿನಿಂದ ಒಂದೇ ಮನೆಯಲ್ಲಿ ಇದ್ದು ನಾನು ಅವಳನ್ನು ತಿಳಿದಿರಲಿಲ್ಲ. ಅಷ್ಟು ವರ್ಷ ಅವಳು ಏನೂ ಕೇಳಿಸದೆಯೇ ಅಷ್ಟು ಗಟ್ಟಿಯಾಗಿ ನಿಂತಿದ್ದಳು. ಕೇಳದವನಿಗೆ, ಕಾಯದವನಿಗೆ, ನಂಬದವನಿಗೆ ಅದು ಯಾಕೆ ಸಿಕ್ಕಿತು, ಅವಳಿಗೆ ಯಾಕೆ ಸಿಗಲಿಲ್ಲ? ಇದನ್ನು ಯೋಚಿಸಿದರೆ ಇವತ್ತಿಗೂ ನನಗೆ ದೇವರ ಮೇಲೆ ಸಿಟ್ಟು ಬರುತ್ತದೆ. ಸಿಟ್ಟು ಮಾಡಿಕೊಳ್ಳುವಷ್ಟು ನಂಟು ಈಗ ಆಗಿದೆಯಲ್ಲ ಎಂದು ನನಗೇ ಆಶ್ಚರ್ಯವಾಗುತ್ತದೆ.

ಅವ್ವ ನನ್ನ ಕಡೆ ನೋಡದೆ, ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಸಣ್ಣ ಹುಡುಗಿಯ ಹಾಗೆ ನಾಚಿಕೊಂಡು ಕೇಳಿದಳು. ‘ಇನ್ನೊಮ್ಮೆ ಹಂಗ ಕರಿ ನೋಡೂನು.’

ಆಗುವುದಿಲ್ಲ ಎಂದೆ. ತಾಯಿಯ ಹೆಸರು ಹಿಡಿಯುವುದು ಹೇಗೆ ಎಂದೆ. ಅವಳು ಬಿಡಲಿಲ್ಲ. ಕಣ್ಣು ಮುಚ್ಚಿ, ಸೆರಗು ತಲೆಯ ಮೇಲೆ ಹೊದ್ದು, ಕೈ ಮಡಿಲಲ್ಲಿಟ್ಟು ಕಾಯುತ್ತ ಕೂತಳು. ನಾನು ಎದೆ ಗಟ್ಟಿ ಮಾಡಿಕೊಂಡು ಕರೆದೆ.

ಅವಳು ಕಣ್ಣು ತೆರೆದಳು. ‘ಅಲ್ಲಪಾ, ಇದು ನೀ’ ಎಂದು ಮೊರವನ್ನು ಮತ್ತೆ ಎಳೆದುಕೊಂಡಳು.

ಅವ್ವ ಇನ್ನೂ ಇದ್ದಾಳೆ. ಈಗ ಕಿವಿ ಮಂದವಾಗಿದೆ, ಹೊರಗೆ ಹೋಗುವುದು ಕಡಿಮೆ. ವರ್ಷದಲ್ಲಿ ಒಂದೆರಡು ಸಲ, ಮನೆಯಲ್ಲಿ ಯಾರೂ ಇಲ್ಲದಾಗ, ನನ್ನನ್ನು ಹತ್ತಿರ ಕೂರಿಸಿಕೊಂಡು ಅದನ್ನೇ ಕೇಳುತ್ತಾಳೆ. ನನಗೆ ಈಗ ಸಂಕೋಚ ಹೋಗಿದೆ. ಅವಳ ಕಿವಿಗೆ ಬಾಯಿ ಹಚ್ಚಿ, ಒಳಗೆ ಯಾರಾದರೂ ಇದ್ದಾರೆಯೇ ಎಂದು ಒಂದು ಗಳಿಗೆ ಕಾದು, ಹೆಸರು ಹಿಡಿದು ಕರೆಯುತ್ತೇನೆ. ಅವಳು ಕಣ್ಣು ತೆರೆದು ನನ್ನ ಮುಖ ನೋಡುತ್ತಾಳೆ. ನೋಡಿ, ನನಗೆ ಬೇಸರವಾಗಬಾರದೆಂದು ನನ್ನ ಕೆನ್ನೆ ತಟ್ಟಿ, ‘ಇರಲಿ ಬಿಡಪಾ’ ಅನ್ನುತ್ತಾಳೆ.